ಕ್ಯಾನ್ಸರ್ ಅಲ್ಲ ಅಂದಿರಿ, ಸರಿ. ಆದರೆ ಈ ಗಂಟು ಯಾಕೆ ಬಂತು?

ಮಕ್ಕಳನ್ನು ನೋಡುವ ವೈದ್ಯರಿಗೆ, ಲ್ಯಾಬಿನಲ್ಲಿ ಕೂತು ಬಯಾಪ್ಸಿ ವರದಿ ಬರೆಯುವವರಿಗೆ, ಮಕ್ಕಳ ಆರೋಗ್ಯ ತಪಾಸಣೆಯಲ್ಲಿ ಏನೇನು ನೋಡಬೇಕು ಅಂತ ತೀರ್ಮಾನಿಸುವ ಅಧಿಕಾರಿಗಳಿಗೆ,

ನಮಸ್ಕಾರ.

ನನ್ನ ಹತ್ತಿರ ಒಂದು ಹಾಳೆ ಇದೆ. ಮಗಳಿಗೆ ಏಳು ವರ್ಷ ಆಗಿದ್ದಾಗ ಅವಳ ಮೂಗಿನ ಪಕ್ಕದಿಂದ ತೆಗೆದ ಸಣ್ಣ ಗಂಟೊಂದರ ಬಯಾಪ್ಸಿ ವರದಿ ಅದು. ಅದರಲ್ಲಿರುವುದು ಎರಡೇ ಸಾಲು. ಮೊದಲ ಸಾಲು 'ಆಂಜಿಯೋಫೈಬ್ರೋಮಾ'. ಎರಡನೆಯದು 'ಕ್ಯಾನ್ಸರ್ ಲಕ್ಷಣಗಳಿಲ್ಲ'. ನಾವು ಎರಡನೇ ಸಾಲು ಓದಿ ನಿಟ್ಟುಸಿರು ಬಿಟ್ಟೆವು. ವೈದ್ಯರೂ ಅದನ್ನೇ ಓದಿ 'ಏನೂ ಇಲ್ಲ, ಹೆದರಬೇಡಿ' ಅಂದರು. ಹಾಳೆ ಫೈಲು ಸೇರಿತು. ಮೊದಲ ಸಾಲಿನ ಬಗ್ಗೆ ಒಂದೂವರೆ ವರ್ಷ ಯಾರೂ ಮಾತಾಡಲಿಲ್ಲ. ಮಗಳ ಕಾಯಿಲೆಯ ಸುಳಿವು ಇದ್ದದ್ದು ಅದೇ ಸಾಲಿನಲ್ಲಿ.

ಕತೆ ಶುರುವಾಗಿದ್ದು ಅವಳಿಗೆ ಐದು ವರ್ಷ ಆದಾಗ. ಮೂಗಿನ ಎರಡೂ ಪಕ್ಕ, ಕೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆಗಳು. ಮೊಡವೆ ಅಂದರು. ಕ್ರೀಮ್ ಕೊಟ್ಟರು. ಹೋಗಲಿಲ್ಲ. ಕ್ರೀಮ್ ಬದಲಾಯಿಸಿದರು. ಆಗಲೂ ಹೋಗಲಿಲ್ಲ, ಜಾಸ್ತಿ ಆಯಿತು. ಒಂದು ಗುಳ್ಳೆ ದೊಡ್ಡದಾಗಿ, ಕೆರೆದರೆ ರಕ್ತ ಬರುತ್ತಿತ್ತು ಅಂತ ಅದನ್ನು ತೆಗೆಸಿದೆವು. ಅದರದ್ದೇ ಆ ವರದಿ. ಆಮೇಲೆ ಮತ್ತೆ ಕ್ರೀಮ್. ಎಂಟೂವರೆ ವರ್ಷ ಆದಾಗ ಇನ್ನೊಂದು ಕಡೆ ತೋರಿಸಲು ಹೋದೆವು. ಅಲ್ಲಿ ಇನ್ನೂ ಓದುತ್ತಿದ್ದ ಒಬ್ಬ ಹುಡುಗಿ, ಕಿರಿಯ ವೈದ್ಯೆ, ಮಗಳ ಮುಖ ನೋಡಿ, 'ಈ ವಯಸ್ಸಿಗೆ ಮೊಡವೆ ಬರಲ್ಲ ಅಲ್ವಾ ಅಮ್ಮಾ?' ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮಗಳ ಅಂಗಿ ತೆಗೆಸಿದರು, ಕೋಣೆಯ ದೀಪ ಆರಿಸಿದರು, ಕೈಯಲ್ಲಿ ಹಿಡಿಯುವ ನೇರಳೆ ಬೆಳಕಿನ ದೀಪವೊಂದನ್ನು ಬೆನ್ನಿನ ಮೇಲೆ ಆಡಿಸಿದರು. ಎಲೆಯ ಆಕಾರದ ಐದು ಬಿಳಿ ಮಚ್ಚೆಗಳು ಎದ್ದು ಕಂಡವು. ಅದರಲ್ಲಿ ಎರಡನ್ನು ನಾನು ಅವಳು ಹುಟ್ಟಿದಾಗಿನಿಂದ ನೋಡಿದ್ದೆ. ಕೇಳಿದಾಗ 'ಪೋಷಕಾಂಶ ಕಡಿಮೆ' ಅಂದಿದ್ದರು. ಉಳಿದ ಮೂರು ನನಗೇ ಗೊತ್ತಿರಲಿಲ್ಲ. ಸೊಂಟದ ಮೇಲೆ ಅಂಗೈಯಷ್ಟು ಅಗಲದ ಒರಟು ಚರ್ಮ, ಕಿತ್ತಳೆ ಸಿಪ್ಪೆ ಥರ. ಅದು ಮಾತ್ರ ನನಗೆ ಗೊತ್ತಿತ್ತು. ಸ್ನಾನ ಮಾಡಿಸುವ ತಾಯಿಯ ಕೈಗೆ ಇಂಥದ್ದು ತಿಳಿಯುತ್ತದೆ. ಆದರೆ ಅದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ನಾನೂ ಹೇಳಿರಲಿಲ್ಲ.

ಹತ್ತು ನಿಮಿಷ ಆಯಿತೋ ಇಲ್ಲವೋ. ಆ ವೈದ್ಯೆ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತು ಒಂದು ಹೆಸರು ಹೇಳಿದರು. ಟ್ಯೂಬರಸ್ ಸ್ಕ್ಲೆರೋಸಿಸ್. ಅದಾದ ಮೂರು ವಾರದಲ್ಲಿ ಸ್ಕ್ಯಾನ್ ಮುಗಿಯಿತು. ಎರಡೂ ಕಿಡ್ನಿಯಲ್ಲಿ ಗೆಡ್ಡೆಗಳು, ಮೆದುಳಿನಲ್ಲಿ ಸಣ್ಣ ಗಂಟುಗಳು.

ಯಾರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಆ ಕ್ರೀಮ್ ಕೊಟ್ಟವರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವರು ಕೆಟ್ಟವರಲ್ಲ. 'ಇದು ಕ್ಯಾನ್ಸರಾ?' ಅನ್ನುವ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟರು. 'ಇಷ್ಟು ಚಿಕ್ಕ ಮಗುವಿಗೆ ಈ ಗಂಟು ಯಾಕೆ ಬಂತು?' ಅನ್ನುವ ಇನ್ನೊಂದು ಪ್ರಶ್ನೆಯನ್ನು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅದನ್ನು ಕೇಳುವ ಅಭ್ಯಾಸ ಆಗಲಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರು ಈಗಲೇ ಮಗುವಿನ ಅಂಗಿ ಬಿಚ್ಚಿ ಗಾಬರಿ ಬೀಳಬೇಡಿ. ಮಕ್ಕಳ ಚರ್ಮದ ಮೇಲೆ ಬರುವ ಗಂಟುಗಳಲ್ಲಿ ಬಹುಪಾಲು ಬರೀ ಗಂಟುಗಳೇ. ಎಳೆಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಹೆಮಾಂಜಿಯೋಮಾ, ರಕ್ತನಾಳಗಳ ಕೆಂಪು ಗೆಡ್ಡೆ. ನೂರು ಶಿಶುಗಳಲ್ಲಿ ನಾಲ್ಕೈದು ಶಿಶುಗಳಿಗೆ ಇರುತ್ತದೆ. ಹೆಣ್ಣುಮಕ್ಕಳಲ್ಲಿ ಜಾಸ್ತಿ, ತಿಂಗಳು ತುಂಬದೆ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ. ಹುಟ್ಟಿದ ಕೆಲವು ವಾರದಲ್ಲಿ ಭರಭರ ಬೆಳೆದು, ಆಮೇಲೆ ನಿಂತು, ವರ್ಷಗಳಲ್ಲಿ ತಾನಾಗಿ ಕುಗ್ಗುತ್ತದೆ. ಸಾಮಾನ್ಯವಾಗಿ ವಂಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೂ 'ತಾನಾಗಿ ಹೋಗುತ್ತೆ, ಸುಮ್ನೆ ಬಿಡಿ' ಅನ್ನುವ ಮೊದಲು ನೋಡಬೇಕಾದ ಮೂರು ವಿಷಯ ಇವೆ. ಮುಖದ ಒಂದು ಭಾಗವನ್ನೇ ಆವರಿಸಿಕೊಂಡ ದೊಡ್ಡ ಗೆಡ್ಡೆ ಇದ್ದರೆ ಮೆದುಳಿನ ರಕ್ತನಾಳ, ಹೃದಯ, ಕಣ್ಣು ನೋಡಬೇಕು, ಅದನ್ನು ಫೇಸ್ (PHACE) ಸಿಂಡ್ರೋಮ್ ಅನ್ನುತ್ತಾರೆ. ಮೈಮೇಲೆ ಐದು ಅಥವಾ ಹೆಚ್ಚು ಇದ್ದರೆ ಯಕೃತ್ತಿಗೆ ಅಲ್ಟ್ರಾಸೌಂಡ್ ಮಾಡಿಸಬೇಕು. ಸೊಂಟದ ಕೆಳಗೆ, ಬೆನ್ನುಮೂಳೆಯ ತುದಿಯಲ್ಲಿ ದೊಡ್ಡದಾಗಿ ಇದ್ದರೆ ಒಳಗಿನ ಬೆನ್ನುಹುರಿಯನ್ನೂ ನೋಡಬೇಕು. ಕಣ್ಣಿನ ಹತ್ತಿರ, ತುಟಿಯ ಮೇಲೆ ಇದ್ದರೂ ತಡ ಮಾಡುವ ಹಾಗಿಲ್ಲ. ಮೂರು ತಿಂಗಳೊಳಗೆ ಅದು ಬೆಳೆಯಬೇಕಾದಷ್ಟರಲ್ಲಿ ಬಹುಪಾಲು ಬೆಳೆದುಬಿಟ್ಟಿರುತ್ತದೆ.

ಇದಕ್ಕೆ ಈಗ ಕೊಡುವ ಔಷಧಿ ಪ್ರೊಪ್ರನೊಲಾಲ್. ಅದು ಹೃದಯದ ಔಷಧಿ. ಫ್ರಾನ್ಸಿನ ಬೋರ್ಡೋದಲ್ಲಿ ಹೃದಯದ ತೊಂದರೆ ಇದ್ದ ಒಂದು ಮಗುವಿಗೆ ಅದನ್ನು ಕೊಟ್ಟಾಗ ಮುಖದ ಗೆಡ್ಡೆ ಕುಗ್ಗಿದ್ದನ್ನು ವೈದ್ಯರು ಗಮನಿಸಿದರು, 2008ರಲ್ಲಿ ಲೋಕಕ್ಕೆ ತಿಳಿಸಿದರು. ಗಮನವಿಟ್ಟು ನೋಡುವ ಒಬ್ಬ ವೈದ್ಯರಿಂದ ಎಷ್ಟು ಮಕ್ಕಳ ಮುಖ, ಎಷ್ಟು ಮಕ್ಕಳ ಕಣ್ಣು ಉಳಿಯಿತು ಅಂತ ಯೋಚಿಸಿದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಈಗ ನನ್ನ ಮಗಳ ಕಾಯಿಲೆಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಚರ್ಮ ಇಷ್ಟು ಸ್ಪಷ್ಟವಾಗಿ ಹೇಳುವ ಕಾಯಿಲೆಗಳು ಜಾಸ್ತಿ ಇಲ್ಲ.

ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನು ಫ್ರೆಂಚ್ ವೈದ್ಯ ಬೂರ್ನ್‌ವಿಲ್ 1880ರಲ್ಲಿ ವಿವರಿಸಿದರು. ಸುಮಾರು 6,000 ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಜೀವಕೋಶ ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಹಿಡಿತದಲ್ಲಿಡುವ ಎರಡು ಜೀನ್ ಇವೆ, ಟಿಎಸ್‌ಸಿ1 ಮತ್ತು ಟಿಎಸ್‌ಸಿ2. ಇವುಗಳಲ್ಲಿ ಒಂದು ಕೆಟ್ಟರೆ ಬ್ರೇಕ್ ಸಡಿಲವಾದ ಹಾಗೆ, ಚರ್ಮ, ಮೆದುಳು, ಕಿಡ್ನಿ, ಹೃದಯ, ಕಣ್ಣು, ಶ್ವಾಸಕೋಶ ಎಲ್ಲೆಂದರಲ್ಲಿ ಗೆಡ್ಡೆ ಬೆಳೆಯಬಹುದು. ಹೆಚ್ಚಿನವು ಬಿನೈನ್. ಆದರೆ ಕಿಡ್ನಿಯ ಗೆಡ್ಡೆ ಬಿನೈನ್ ಆಗಿದ್ದುಕೊಂಡೇ ಒಡೆದು ರಕ್ತ ಸುರಿಸಬಹುದು. ಮೆದುಳಿನದು ಬಿನೈನ್ ಆಗಿದ್ದುಕೊಂಡೇ ಒಳಗಿನ ನೀರು ಹರಿಯುವ ದಾರಿಯನ್ನು ಮುಚ್ಚಬಹುದು. ಬಿನೈನ್ ಅಂದರೆ ಬೇರೆ ಕಡೆಗೆ ಹರಡುವುದಿಲ್ಲ ಅಂತ ಅರ್ಥ. ಅದರಿಂದ ಕಷ್ಟವೇ ಇಲ್ಲ ಅಂತ ಅರ್ಥ ಅಲ್ಲ, ಇದು ನಮಗೆ ತಡವಾಗಿ ತಿಳಿಯಿತು.

ಮುಖದ ಆ ಗುಳ್ಳೆಗಳಿಗೆ ಹಿಂದೆ 'ಅಡಿನೋಮಾ ಸೆಬೇಸಿಯಂ' ಅಂತ ಹೆಸರಿಟ್ಟಿದ್ದರು, ಎಣ್ಣೆ ಗ್ರಂಥಿಯ ಗೆಡ್ಡೆ ಅಂತ. ಅದು ತಪ್ಪು ಹೆಸರು. ಎಣ್ಣೆ ಗ್ರಂಥಿಗೂ ಅವಕ್ಕೂ ಸಂಬಂಧ ಇಲ್ಲ. ಸಣ್ಣ ರಕ್ತನಾಳ ಮತ್ತು ನಾರಿನ ಅಂಶ ಸೇರಿ ಆದ ಗಂಟುಗಳು ಅವು, ವರದಿಯಲ್ಲಿದ್ದ 'ಆಂಜಿಯೋಫೈಬ್ರೋಮಾ' ಅಂದರೆ ಇದೇ. ಅದಕ್ಕೇ ಮೊಡವೆ ಕ್ರೀಮ್ ಹಚ್ಚಿದರೆ ಏನೂ ಆಗುವುದಿಲ್ಲ. ಮೂರು, ನಾಲ್ಕು, ಐದು ವರ್ಷಕ್ಕೆ ಶುರುವಾಗುತ್ತವೆ. ಒಂದರಿಂದ ಏಳು ವರ್ಷದೊಳಗಿನ ಮಕ್ಕಳಿಗೆ ನಿಜವಾದ ಮೊಡವೆ ಬರುವುದು ತುಂಬಾ ಅಪರೂಪ. ಆ ವಯಸ್ಸಿನ ಮಗುವಿನ ಕೆನ್ನೆಯಲ್ಲಿ, ಒಳಗೆ ಕೀವಿಲ್ಲದ, ತಿಂಗಳುಗಟ್ಟಲೆ ಹೋಗದ ಗುಳ್ಳೆ ಕಂಡರೆ ಮೊದಲು ನೆನಪಾಗಬೇಕಾದ್ದು ಇದು.

ಬಿಳಿ ಮಚ್ಚೆಗಳಂತೂ ಇನ್ನೂ ಮೊದಲೇ ಇರುತ್ತವೆ. ಈ ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಕಾಣುತ್ತವೆ, ಹುಟ್ಟುವಾಗಲೇ ಅಥವಾ ಎಳೆಯ ವಯಸ್ಸಿನಲ್ಲೇ. ಒಂದೋ ಎರಡೋ ಬಿಳಿ ಮಚ್ಚೆ ಆರೋಗ್ಯವಾಗಿರುವ ಎಷ್ಟೋ ಮಕ್ಕಳಿಗೂ ಇರುತ್ತದೆ, ಅದಕ್ಕೆ ಯಾರೂ ಹೆದರಬೇಕಿಲ್ಲ. ಕನಿಷ್ಠ 5 ಮಿ.ಮೀ. ಅಗಲದ ಮೂರು ಅಥವಾ ಹೆಚ್ಚು ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳ್ಳಗಿನ ಮಗುವಿನ ಚರ್ಮದಲ್ಲಿ ಬರಿಗಣ್ಣಿಗೆ ಕಾಣದೆ ಇರಬಹುದು, ಅದಕ್ಕೇ ಆ ನೇರಳೆ ಬೆಳಕಿನ ವುಡ್ಸ್ ಲ್ಯಾಂಪ್.

ಇಷ್ಟು ಬೇಗ ತಿಳಿದು ಏನು ಪ್ರಯೋಜನ ಅಂತ ಒಬ್ಬರು ನನ್ನನ್ನು ಕೇಳಿದ್ದರು. ಪ್ರಯೋಜನ ಇದೆ. ಈ ಕಾಯಿಲೆಯ ಹೆಚ್ಚಿನ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಅದೂ ಬಹಳ ಸಲ ಮೊದಲ ವರ್ಷದಲ್ಲೇ. ನನ್ನ ಮಗಳಿಗೆ ಬರಲಿಲ್ಲ, ಅದು ಅವಳ ಅದೃಷ್ಟ. ಶಿಶುಗಳಲ್ಲಿ ಅದು ಬಹಳ ಸಲ ಸಿನಿಮಾದಲ್ಲಿ ತೋರಿಸುವ ಫಿಟ್ಸ್ ಥರ ಇರುವುದಿಲ್ಲ. ಮಗು ತಲೆ ಬಗ್ಗಿಸಿ, ಕೈಗಳನ್ನು ಚಾಚಿ ಒಮ್ಮೆ ಬೆಚ್ಚುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಹೀಗೆ ಸಾಲಾಗಿ, ಹೆಚ್ಚಾಗಿ ನಿದ್ದೆಯಿಂದ ಎದ್ದ ಹೊತ್ತಿಗೆ. ಮನೆಯವರು ಹೊಟ್ಟೆನೋವು ಅಂದುಕೊಳ್ಳುತ್ತಾರೆ. ಇದಕ್ಕೆ ವಿಗಾಬಾಟ್ರಿನ್ ಅನ್ನುವ ಔಷಧಿ ಇದೆ, ಈ ಕಾಯಿಲೆಯ ಮಕ್ಕಳಲ್ಲಿ ಮೊದಲು ಕೊಡುವುದು ಅದನ್ನೇ. ಬೇಗ ಕೊಟ್ಟಷ್ಟೂ ಮಗುವಿನ ಬುದ್ಧಿ ಬೆಳವಣಿಗೆಗೆ ಒಳ್ಳೆಯದು. ಎರಡು ತಿಂಗಳ ಮಗುವಿನ ಬೆನ್ನಿನಲ್ಲಿ ನಾಲ್ಕು ಬಿಳಿ ಮಚ್ಚೆ ನೋಡಿದ ವೈದ್ಯರು ಆ ತಾಯಿಗೆ 'ಮಗು ಹೀಗೆ ಬೆಚ್ಚಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಅವತ್ತೇ ಬನ್ನಿ' ಅಂತ ಹೇಳಿ ಕಳಿಸಿದರೆ, ಆ ಒಂದು ಮಾತಿನಿಂದ ಎಷ್ಟು ವಾರ ಉಳಿಯುತ್ತದೆ ಯೋಚಿಸಿ.

ನ್ಯೂರೋಫೈಬ್ರೋಮಟೋಸಿಸ್ ಒಂದನೇ ವಿಧ, ಎನ್‌ಎಫ್1, ಇದಕ್ಕಿಂತ ಜಾಸ್ತಿ ಜನರಿಗೆ ಇದೆ, ಸುಮಾರು 3,000 ಮಂದಿಯಲ್ಲಿ ಒಬ್ಬರಿಗೆ. ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ 1882ರಲ್ಲಿ ಇದರ ಬಗ್ಗೆ ಬರೆದರು. 17ನೇ ಕ್ರೋಮೋಸೋಮಿನ ಜೀನ್ ಸಿಕ್ಕಿದ್ದು 1990ರಲ್ಲಿ. ನರದ ಹೊದಿಕೆಯಿಂದ ಬೆಳೆಯುವ ಮೆತ್ತನೆಯ ಗಂಟುಗಳು ಇದರ ಗುರುತು. ಆದರೆ ಮಗು ಚಿಕ್ಕದಿದ್ದಾಗ ಗಂಟಿಗಾಗಿ ಕಾದು ಕೂತರೆ ಕಾಯಿಲೆ ತಪ್ಪಿಹೋಗುತ್ತದೆ, ಯಾಕೆಂದರೆ ಚರ್ಮದ ಗಂಟುಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹರೆಯ ಬಂದಮೇಲೆ. ಮೊದಲು ಬರುವುದು ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆಗಳು. ಹರೆಯಕ್ಕೆ ಮೊದಲು 5 ಮಿ.ಮೀ.ಗಿಂತ ದೊಡ್ಡವು ಆರು ಅಥವಾ ಹೆಚ್ಚಿದ್ದರೆ ನಿಲ್ಲಬೇಕು, ನೋಡಬೇಕು. ಹರೆಯದ ನಂತರ ಅಳತೆ 15 ಮಿ.ಮೀ. ಆಮೇಲೆ ಬಿಸಿಲೇ ಬೀಳದ ಕಂಕುಳು, ತೊಡೆಸಂದಿಯಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆಗಳು. ಬಟ್ಟೆ ತೆಗೆಸದೆ ಯಾರಿಗೆ ಕಾಣುತ್ತದೆ ಅದು?

ಹುಟ್ಟಿನಿಂದಲೇ ಇರುವ ಇನ್ನೊಂದು ಬಗೆಯ ಗೆಡ್ಡೆ ಇದೆ, ಪ್ಲೆಕ್ಸಿಫಾರ್ಮ್ ನ್ಯೂರೋಫೈಬ್ರೋಮಾ. ನರಗಳ ಉದ್ದಕ್ಕೂ ಹಬ್ಬುತ್ತದೆ, ಮುಟ್ಟಿದರೆ ಚರ್ಮದಡಿ ಹುಳುಗಳ ಗಂಟು ಇದ್ದ ಹಾಗೆ ಅನ್ನಿಸುತ್ತದೆ, ಮೇಲಿನ ಚರ್ಮ ಕಪ್ಪಾಗಿ ಕೂದಲು ಬೆಳೆದಿರಬಹುದು. ಇದನ್ನು ಹುಟ್ಟುಮಚ್ಚೆ ಅಂದುಕೊಂಡೋ ಕೊಬ್ಬಿನ ಗಂಟು ಅಂದುಕೊಂಡೋ ಕತ್ತರಿ ಹಾಕಿದರೆ ರಕ್ತ ನಿಲ್ಲಿಸುವುದೇ ಕಷ್ಟ, ನರಕ್ಕೂ ಪೆಟ್ಟು. ಎನ್‌ಎಫ್1 ಇರುವವರಲ್ಲಿ ಜೀವಮಾನದಲ್ಲಿ ಶೇ. 8ರಿಂದ 13 ಮಂದಿಗೆ ನರದ ಕ್ಯಾನ್ಸರ್ ಆಗುತ್ತದೆ, ಅದು ಹೆಚ್ಚಾಗಿ ಈ ಬಗೆಯ ಗೆಡ್ಡೆಯಿಂದಲೇ ಶುರುವಾಗುತ್ತದೆ. ಗೆಡ್ಡೆ ಇದ್ದಕ್ಕಿದ್ದಂತೆ ಬೆಳೆದರೆ, ಗಟ್ಟಿಯಾದರೆ, ರಾತ್ರಿ ನಿದ್ದೆಗೆಡಿಸುವಷ್ಟು ನೋವಾದರೆ ಆಗಲೇ ತೋರಿಸಬೇಕು ಅಂತ ಮನೆಯವರಿಗೆ ಹೇಳಿಡಬೇಕು. ಶಸ್ತ್ರಚಿಕಿತ್ಸೆ ಮಾಡಲಾಗದ ಇಂಥ ಗೆಡ್ಡೆಗಳಿಗೆ ಈಗ ಸೆಲ್ಯುಮೆಟಿನಿಬ್ ಅನ್ನುವ ಔಷಧಿ ಇದೆ, ಅಮೆರಿಕದಲ್ಲಿ 2020ರಲ್ಲಿ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ಹತ್ತು ವರ್ಷ ಹಿಂದೆ 'ಏನೂ ಮಾಡಕ್ಕಾಗಲ್ಲ' ಅಂದಿದ್ದ ಮನೆಗಳಿಗೆ ಈಗ ಹೇಳಲು ಒಂದು ಮಾತಿದೆ.

ಇವರ ಕಣ್ಣನ್ನೂ ವರ್ಷ ವರ್ಷ ನೋಡಬೇಕು. ಎನ್‌ಎಫ್1 ಇರುವ ಮಕ್ಕಳಲ್ಲಿ ಸುಮಾರು ಶೇ. 15 ಮಂದಿಗೆ ಕಣ್ಣಿನ ನರದ ಮೇಲೆ ಗೆಡ್ಡೆ ಬರುತ್ತದೆ, ಹೆಚ್ಚಾಗಿ ಏಳು ವರ್ಷದೊಳಗೆ. ಚಿಕ್ಕ ಮಗು ತನಗೆ ಕಾಣುತ್ತಿಲ್ಲ ಅಂತ ಹೇಳುವುದಿಲ್ಲ. ಬಿಪಿ ನೋಡಬೇಕು. ಓದಿನಲ್ಲಿ, ಗಮನ ಕೊಡುವುದರಲ್ಲಿ ಹಿಂದೆ ಬೀಳುವ ಮಕ್ಕಳು ಇವರಲ್ಲಿ ಬಹಳ. 'ಸೋಮಾರಿ' ಅಂತ ಬೈಸಿಕೊಂಡು ಬೆಳೆದವರನ್ನು ನಾನು ನೋಡಿದ್ದೇನೆ, ಬೆನ್ನ ತುಂಬ ಕಾಫಿ ಬಣ್ಣದ ಮಚ್ಚೆ, ಅದನ್ನು ಯಾರೂ ಎಣಿಸಿರಲಿಲ್ಲ.

ಇನ್ನು ಕಲ್ಲಿನಂಥ ಗಂಟು. ಪೈಲೋಮೇಟ್ರಿಕ್ಸೋಮಾ. ಕೂದಲಿನ ಬುಡದಿಂದ ಬೆಳೆಯುತ್ತದೆ, ಕೆನ್ನೆ, ಹುಬ್ಬು, ಕುತ್ತಿಗೆ, ತೋಳಿನಲ್ಲಿ. ಒಳಗೆ ಸುಣ್ಣದಂಶ ಕಟ್ಟಿಕೊಂಡು ಚರ್ಮದಡಿ ಸಣ್ಣ ಕಲ್ಲು ಇಟ್ಟ ಹಾಗೆ ಗಟ್ಟಿ, ಕೆಲವೊಮ್ಮೆ ನೀಲಿ ಛಾಯೆ. ಒಂದು ಇದ್ದರೆ ತೆಗೆಸಿ, ಮರೆತುಬಿಡಿ. ನಾಲ್ಕು, ಐದು, ಆರು ಇದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಮಯೋಟೋನಿಕ್ ಡಿಸ್ಟ್ರೋಫಿ ಅನ್ನುವ ಸ್ನಾಯು ಕಾಯಿಲೆಯನ್ನು ನೆನೆಯಬೇಕು. ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಅನ್ನುವ ಸಣ್ಣ ಗಂಟುಗಳು ಬೆಳೆಯುವ ಕಾಯಿಲೆ, ಹುಟ್ಟಿನಿಂದಲೇ ಇರುವ ಟರ್ನರ್ ಸಿಂಡ್ರೋಮ್, ರುಬಿನ್‌ಸ್ಟೈನ್ ಟೈಬಿ ಸಿಂಡ್ರೋಮ್ ಇವುಗಳಲ್ಲೂ ಕಾಣುತ್ತದೆ. ಮಯೋಟೋನಿಕ್ ಡಿಸ್ಟ್ರೋಫಿಯನ್ನು ನಾನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಈ ಗಂಟು ತೆಗೆಯಲು ಮಗುವಿಗೆ ಅರಿವಳಿಕೆ ಕೊಡುತ್ತೀರಿ ಅಲ್ವಾ? ಆ ಕಾಯಿಲೆ ಇರುವವರಿಗೆ ಅರಿವಳಿಕೆಯ ಔಷಧಿಗಳು ತೊಂದರೆ ಕೊಡುತ್ತವೆ, ಉಸಿರಾಟಕ್ಕೂ ಹೃದಯದ ಬಡಿತಕ್ಕೂ. ಮೊದಲೇ ತಿಳಿದಿದ್ದರೆ ಅರಿವಳಿಕೆ ಕೊಡುವವರು ಎಚ್ಚರ ವಹಿಸುತ್ತಾರೆ. ತಿಳಿಯುವುದೂ ಕಷ್ಟ ಅಲ್ಲ. ಜೊತೆಗೆ ಬಂದ ಅಮ್ಮನಿಗೋ ಅಪ್ಪನಿಗೋ ಮುಷ್ಟಿ ಬಿಗಿಯಾಗಿ ಹಿಡಿದು ತಟ್ಟನೆ ಬಿಡಲು ಹೇಳಿ. ಬೆರಳುಗಳು ನಿಧಾನವಾಗಿ, ಅಂಟಿಕೊಂಡ ಹಾಗೆ ಬಿಚ್ಚಿಕೊಂಡರೆ ಅಲ್ಲೇ ಸುಳಿವು ಸಿಕ್ಕಿತು. 19ನೇ ಕ್ರೋಮೋಸೋಮಿನಲ್ಲಿ ಡಿಎನ್‌ಎಯ ಮೂರಕ್ಷರದ ಒಂದು ತುಣುಕು ಮತ್ತೆ ಮತ್ತೆ ಬರುತ್ತಾ ಹೋಗುವುದರಿಂದ ಆಗುವ ಕಾಯಿಲೆ ಇದು. ತಲೆಮಾರಿನಿಂದ ತಲೆಮಾರಿಗೆ ಆ ತುಣುಕುಗಳು ಜಾಸ್ತಿ ಆಗುತ್ತಾ ಹೋಗಬಹುದು, ಹಾಗಾಗಿ ಅಜ್ಜಿಗೆ ಬರೀ ಕಣ್ಣಿನ ಪೊರೆ, ಅಮ್ಮನಿಗೆ ಕೈ ಬಿಗಿತ, ಮಗುವಿಗೆ ಜೋರಾದ ಕಾಯಿಲೆ, ಹೀಗೆ ಇರಬಹುದು. ಮೂವರನ್ನೂ ಮೂರು ಬೇರೆ ವೈದ್ಯರು ನೋಡಿರುತ್ತಾರೆ.

ಚರ್ಮದಡಿಯ ಚೀಲದಂಥ ಗಂಟು, ಎಪಿಡರ್ಮಾಯ್ಡ್ ಸಿಸ್ಟ್, ದೊಡ್ಡವರಲ್ಲಿ ತೀರಾ ಸಾಮಾನ್ಯ. ಹರೆಯಕ್ಕೆ ಮೊದಲೇ ಮಗುವಿನ ಮುಖ, ತಲೆ, ಕೈಕಾಲುಗಳಲ್ಲಿ ಹಲವು ಬಂದರೆ ಸಾಮಾನ್ಯ ಅಲ್ಲ. ಜೊತೆಗೆ ದವಡೆಯಲ್ಲಿ ಮೂಳೆಯ ಉಬ್ಬು, ಹೆಚ್ಚುವರಿ ಹಲ್ಲು ಇದ್ದರೆ ಗಾರ್ಡ್‌ನರ್ ಸಿಂಡ್ರೋಮ್ ಇರಬಹುದು. 5ನೇ ಕ್ರೋಮೋಸೋಮಿನ ಎಪಿಸಿ ಜೀನ್ ಕೆಟ್ಟು ದೊಡ್ಡ ಕರುಳಿನಲ್ಲಿ ನೂರಾರು, ಸಾವಿರಾರು ಪಾಲಿಪ್ ಬೆಳೆಯುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ನಲವತ್ತರ ಆಸುಪಾಸಿಗೆ ಕರುಳಿನ ಕ್ಯಾನ್ಸರ್ ಬಹುತೇಕ ಖಚಿತ. ಹತ್ತು ಹನ್ನೆರಡು ವರ್ಷಕ್ಕೇ ಕರುಳಿನ ಪರೀಕ್ಷೆ ಶುರು ಮಾಡಿದರೆ ಅದನ್ನು ತಡೆಯಬಹುದು. ಚರ್ಮದ ಗಂಟು ಪಾಲಿಪ್‌ಗಿಂತ ವರ್ಷಗಳ ಮೊದಲೇ ಬಂದಿರುತ್ತದೆ. ಗಂಟು ತೆಗೆಯುವಾಗ 'ನಿಮ್ಮ ಕಡೆ ಯಾರಾದರೂ ಚಿಕ್ಕ ವಯಸ್ಸಿಗೇ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದಾರಾ?' ಅಂತ ಕೇಳಲು ಎಷ್ಟು ಹೊತ್ತು ಬೇಕು?

ಇನ್ನೊಂದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಅಪರೂಪದ್ದು, ಆದರೆ ಸಮಯವೇ ಇರದಂಥದ್ದು. ಮಗುವಿನ ನಾಲಿಗೆಯ ತುದಿಯಲ್ಲಿ, ತುಟಿಯ ಒಳಗೆ ಸಣ್ಣ ಸಣ್ಣ ಮೆತ್ತನೆಯ ಗಂಟುಗಳು, ತುಟಿ ದಪ್ಪ, ಹುಟ್ಟಿದಾಗಿನಿಂದ ಮಲಬದ್ಧತೆ, ಅತ್ತರೆ ಕಣ್ಣೀರು ಬರುವುದಿಲ್ಲ. ಒಂದು ಜೀನ್ ಕೆಟ್ಟು ಆಗುವ ಈ ಕಾಯಿಲೆಯ ಹೆಸರು ಎಂಇಎನ್ 2ಬಿ. ಗಂಟುಗಳು ಬಿನೈನ್, ಆದರೆ ಅದೇ ಜೀನಿನಿಂದ ಥೈರಾಯ್ಡ್‌ನಲ್ಲಿ ಬರುವ ಕ್ಯಾನ್ಸರ್ ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ಶುರುವಾಗಬಹುದು. ಅದಕ್ಕೇ ಮೊದಲ ವರ್ಷದೊಳಗೇ ಥೈರಾಯ್ಡ್ ತೆಗೆಯಬೇಕು ಅನ್ನುತ್ತಾರೆ.

'ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಹಾಗಾಗಿ ವಂಶದ ಕಾಯಿಲೆ ಅಲ್ಲ.' ಇದನ್ನು ನಾನೂ ಹೇಳಿದ್ದೆ. ಎನ್‌ಎಫ್1ರಲ್ಲಿ ಅರ್ಧದಷ್ಟು ಮಕ್ಕಳಿಗೆ, ಟ್ಯೂಬರಸ್ ಸ್ಕ್ಲೆರೋಸಿಸ್‌ನಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಜೀನಿನ ಬದಲಾವಣೆ ಹೊಸದಾಗಿ ಆಗಿರುತ್ತದೆ. ಅಪ್ಪನಿಂದಲೂ ಬಂದದ್ದಲ್ಲ, ಅಮ್ಮನಿಂದಲೂ ಅಲ್ಲ. ಕೆಲವು ಮಕ್ಕಳಲ್ಲಿ ಗರ್ಭದೊಳಗೆ ಕೋಶಗಳು ಒಂದು ಎರಡಾಗಿ ಹೆಚ್ಚುತ್ತಿರುವಾಗ ಒಂದು ಕೋಶದಲ್ಲಿ ಬದಲಾವಣೆಯಾಗಿ, ಅದರಿಂದ ಹುಟ್ಟಿದ ಕೋಶಗಳಲ್ಲಿ ಮಾತ್ರ ಕಾಯಿಲೆ ಉಳಿಯುತ್ತದೆ. ಇದನ್ನು ಮೊಸಾಯಿಕ್ ಅನ್ನುತ್ತಾರೆ. ಮಚ್ಚೆ, ಗಂಟು ಮೈಯ ಒಂದೇ ಪಕ್ಕ, ಒಂದು ಪಟ್ಟೆಯಲ್ಲಿ, ಸುರುಳಿ ಗೆರೆಯಲ್ಲಿ ಇರುವುದು ಇದರಿಂದ. ಆ ಗೆರೆಗಳನ್ನು ಜರ್ಮನ್ ವೈದ್ಯ ಬ್ಲಾಶ್ಕೊ 1901ರಲ್ಲೇ ರೋಗಿಗಳ ಮೈ ನೋಡಿ ನೋಡಿ ಚಿತ್ರ ಬಿಡಿಸಿಟ್ಟಿದ್ದರು, ಜೀನ್ ಏನು ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ. ಇಂಥ ಮಗುವಿನ ರಕ್ತದ ಜೀನ್ ಪರೀಕ್ಷೆ ಸರಿಯಾಗೇ ಇದೆ ಅಂತ ಬರಬಹುದು, ಆಗ ಮಚ್ಚೆಯಿಂದಲೇ ಚೂರು ಚರ್ಮ ತೆಗೆದು ನೋಡಬೇಕಾಗುತ್ತದೆ. ಟ್ಯೂಬರಸ್ ಸ್ಕ್ಲೆರೋಸಿಸ್‌ನ ಎಲ್ಲ ಲಕ್ಷಣ ಇದ್ದೂ ಸಾಮಾನ್ಯ ಜೀನ್ ಪರೀಕ್ಷೆಯಲ್ಲಿ ಏನೂ ಸಿಗದವರು ಶೇ. 10ರಿಂದ 15 ಮಂದಿ ಇದ್ದಾರೆ. ಪರೀಕ್ಷೆ ನೆಗೆಟಿವ್ ಬಂತು ಅಂತ ಮಗುವನ್ನು ನೋಡುವುದು ನಿಲ್ಲಿಸಬೇಡಿ.

ಇದನ್ನು ಮನೆಯವರಿಗೆ ಬಿಡಿಸಿ ಹೇಳುವುದೂ ಚಿಕಿತ್ಸೆಯೇ. ಮಗಳಿಗೆ ಹೆಸರು ಸಿಕ್ಕಿದ ದಿನ ನನಗೆ ಬಂದ ಮೊದಲ ಯೋಚನೆ, ಬಸುರಿಯಾಗಿದ್ದಾಗ ನಾನು ಏನು ತಪ್ಪು ಮಾಡಿದೆ ಅಂತ. ಬೇರೆಯವರೂ ಅದನ್ನೇ ಕೇಳಿದರು. ಜೆನೆಟಿಕ್ ಕೌನ್ಸೆಲರ್ ಒಬ್ಬರು ಒಂದು ಗಂಟೆ ಕೂತು, ಪೆನ್ನಿನಲ್ಲಿ ಕ್ರೋಮೋಸೋಮ್ ಬರೆದು ತೋರಿಸಿ, 'ನೀವು ಮಾಡಿದ್ದರಿಂದಲೂ ಅಲ್ಲ, ಮಾಡದೆ ಬಿಟ್ಟಿದ್ದರಿಂದಲೂ ಅಲ್ಲ' ಅಂದರು. ಅವತ್ತು ನಾನು ಸರಿಯಾಗಿ ನಿದ್ದೆ ಮಾಡಿದೆ. ನಮ್ಮಿಬ್ಬರ ಪರೀಕ್ಷೆ ಸರಿ ಇದ್ದರೂ ಇನ್ನೊಂದು ಮಗುವಿಗೆ ಶೇ. 1ರಿಂದ 2ರಷ್ಟು ಸಾಧ್ಯತೆ ಇರುತ್ತದೆ, ಅಂಡಾಣುವಿನಲ್ಲೋ ವೀರ್ಯಾಣುವಿನಲ್ಲೋ ಅಡಗಿರಬಹುದು ಅಂತಲೂ ಹೇಳಿದರು. ಮುಚ್ಚಿಡಲಿಲ್ಲ. ಆ ಲೆಕ್ಕ ತಿಳಿದೇ ನಾವು ಎರಡನೇ ಮಗುವಿನ ಬಗ್ಗೆ ತೀರ್ಮಾನ ಮಾಡಿದೆವು. ಎಲ್ಲ ಮನೆಗಳಿಗೂ ಆ ಒಂದು ಗಂಟೆ ಸಿಗಬೇಕು. ಅಧಿಕಾರಿಗಳೇ, ಜೀನ್ ಪರೀಕ್ಷೆಗೆ ದಾರಿ ಮಾಡಿ ಅದನ್ನು ವಿವರಿಸುವ ಮನುಷ್ಯರನ್ನು ಕೊಡದಿದ್ದರೆ ನಮ್ಮ ಕೈಗೆ ಬರುವುದು ಇನ್ನೊಂದು ಅರ್ಥವಾಗದ ಹಾಳೆ ಅಷ್ಟೇ.

ಹಾಗಾದರೆ ನಾನು ಕೇಳುತ್ತಿರುವುದು ಏನು?

ವೈದ್ಯರೇ, ಗಂಟು ತೋರಿಸಲು ಬಂದ ಮಗುವಿನ ಅಂಗಿ ಒಮ್ಮೆ ತೆಗೆಸಿ. ಒಳ್ಳೆಯ ಬೆಳಕಿನಲ್ಲಿ ಬೆನ್ನು, ಹೊಟ್ಟೆ, ಕಂಕುಳು, ತೊಡೆ, ಉಗುರು, ಬಾಯಿಯ ಒಳಗೆ ನೋಡಿ. ಮಗುವಿಗೆ ನಾಚಿಕೆ ಆಗುತ್ತದೆ, ಅದಕ್ಕೆ ಯಾಕೆ ನೋಡುತ್ತಿದ್ದೀರಿ ಅಂತ ಮೊದಲು ಹೇಳಿ. ಮಚ್ಚೆ ಎಣಿಸಿ, ಅಳೆದು, ಫೈಲಿನಲ್ಲಿ ಸಂಖ್ಯೆ ಬರೆಯಿರಿ. 'ಕೆಲವು ಮಚ್ಚೆಗಳಿವೆ' ಅಂತ ಬರೆದರೆ ಮುಂದಿನ ವರ್ಷ ನೋಡುವವರಿಗೆ ಏನೂ ತಿಳಿಯುವುದಿಲ್ಲ. ತಲೆಯ ಸುತ್ತಳತೆ ತೆಗೆಯಿರಿ, ಪಿಟೆನ್ ಜೀನಿನ ಕಾಯಿಲೆಯಲ್ಲಿ ಕೊಬ್ಬಿನ ಗಂಟುಗಳ ಜೊತೆ ದೊಡ್ಡ ತಲೆ ಇರುತ್ತದೆ. ಮನೆಯಲ್ಲಿ ಯಾರಿಗೆ ಫಿಟ್ಸ್, ಯಾರಿಗೆ ಇಂಥದೇ ಗಂಟು, ಯಾರು ಬೇಗ ತೀರಿಕೊಂಡರು, ಕೇಳಿ. ಅಮ್ಮನ ಮುಖವನ್ನೂ ಅಪ್ಪನ ಕೈಯನ್ನೂ ನೋಡಿ. ತೆಗೆದ ಗಂಟನ್ನು, ಎಷ್ಟೇ ಚಿಕ್ಕದಿರಲಿ, ಬಿಸಾಡದೆ ಲ್ಯಾಬಿಗೆ ಕಳಿಸಿ. ಕಳಿಸುವಾಗ ವಯಸ್ಸು, ಗಂಟುಗಳ ಸಂಖ್ಯೆ, ಜಾಗ ಬರೆದು ಕಳಿಸಿ, ಬರೀ 'ಮುಖದ ಗಂಟು' ಅಂತ ಬರೆದರೆ ಅಲ್ಲಿರುವವರು ಏನು ಮಾಡಬೇಕು?

ತಪಾಸಣೆಯ ನಿಯಮ ಮಾಡುವವರೇ, ಮಗುವಿನ ಆರೋಗ್ಯ ಕಾರ್ಡಿನಲ್ಲಿ ತೂಕ, ಎತ್ತರ, ಲಸಿಕೆಗೆ ಜಾಗ ಇದೆ. ಬಿಳಿ ಮಚ್ಚೆ ಎಷ್ಟು, ಕಂದು ಮಚ್ಚೆ ಎಷ್ಟು, ಗಂಟು ಇದೆಯಾ, ಈ ಮೂರಕ್ಕೂ ಒಂದು ಸಾಲು ಕೊಡಿ. ಯಂತ್ರ ಬೇಡ, ರಕ್ತ ತೆಗೆಯುವುದು ಬೇಡ, ಮಗುವಿಗೆ ನೋವಿಲ್ಲ.

ಲ್ಯಾಬಿನವರಿಗೆ ನನ್ನ ಕೋರಿಕೆ ಎಲ್ಲಕ್ಕಿಂತ ಚಿಕ್ಕದು. ಚಿಕ್ಕ ಮಗುವಿನ ಮುಖದಿಂದ ಬಂದ ಚೂರಿಗೆ 'ಆಂಜಿಯೋಫೈಬ್ರೋಮಾ' ಅಂತ ಬರೆದಾಗ ಕೆಳಗೆ ಇನ್ನೊಂದು ಸಾಲು ಸೇರಿಸಿ: 'ಇಂಥವು ಹಲವು ಇದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಇದೆಯೇ ಎಂದು ನೋಡಿ'. ಪೈಲೋಮೇಟ್ರಿಕ್ಸೋಮಾ ಹಲವು ಇದ್ದರೆ, ಮಗುವಿನಲ್ಲಿ ನ್ಯೂರೋಫೈಬ್ರೋಮಾ ಕಂಡರೆ, ಅವಕ್ಕೂ ಅವುಗಳದ್ದೇ ಒಂದು ಸಾಲು. ನೀವು ಮಗುವನ್ನು ನೋಡಿರುವುದಿಲ್ಲ, ನಿಜ. ಆದರೆ ಆ ಹೆಸರಿನ ಅರ್ಥ ಗೊತ್ತಿರುವವರು ಆ ಹೊತ್ತಿನಲ್ಲಿ ನೀವೊಬ್ಬರೇ.

ಮಗಳಿಗೆ ಈಗ ಹನ್ನೊಂದು. ರಾತ್ರಿ ಮಲಗುವ ಮೊದಲು ಮುಖಕ್ಕೆ ಸಿರೊಲಿಮಸ್ ಜೆಲ್ ಹಚ್ಚಿಕೊಳ್ಳುತ್ತಾಳೆ, ಜಪಾನಿನಲ್ಲಿ 2018ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕ ಜೆಲ್. ಸಡಿಲವಾದ ಆ ಬ್ರೇಕಿನ ಕೆಲಸವನ್ನೇ ಈ ಔಷಧಿ ಸ್ವಲ್ಪಮಟ್ಟಿಗೆ ಮಾಡುತ್ತದೆ. ಗುಳ್ಳೆಗಳು ಚಪ್ಪಟೆಯಾಗಿವೆ, ಕೆಂಪು ಕಡಿಮೆಯಾಗಿದೆ. ಸಿರೊಲಿಮಸ್ ಮೊದಲು ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ. ಅದನ್ನು ಕೇಳಿದಾಗಿನಿಂದ ಅವಳು ಭೂಪಟದಲ್ಲಿ ಆ ಚುಕ್ಕೆ ಹುಡುಕಿ ಸುತ್ತ ಪೆನ್ಸಿಲಿನಲ್ಲಿ ಗುಂಡು ಹಾಕಿಟ್ಟಿದ್ದಾಳೆ. ಕಿಡ್ನಿಯದ್ದು ಸದ್ಯಕ್ಕೆ ಬೆಳೆದಿಲ್ಲ, ಮುಂದಿನ ಎಂಆರ್‌ಐ ಎರಡು ತಿಂಗಳಿಗಿದೆ.

ಆ ಹಳೇ ವರದಿಯನ್ನು ನಿನ್ನೆ ಮತ್ತೆ ತೆಗೆದು ನೋಡಿದೆ. ಎರಡು ಸಾಲು, ಕೆಳಗೆ ಸಹಿ. ಮಧ್ಯೆ ನಾಲ್ಕು ಬೆರಳಷ್ಟು ಜಾಗ ಖಾಲಿ ಇದೆ. ನಾನು ಕೇಳುತ್ತಿರುವ ಸಾಲು ಅಲ್ಲಿ ಹಿಡಿಸುತ್ತಿತ್ತು.

ಇಂತಿ,
ಒಬ್ಬ ತಾಯಿ